ಇಸ್ಮಾಯಿಲ್ ಭಾಯಿಯನ್ನು ಕೊಟ್ಟು ಇಬ್ಬರನ್ನು ತಂದದ್ದು

ನನ್ನ ಎಡಗಾಲಿನ ಹಿಮ್ಮಡಿ ಈಚೆಗೆ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಬೆಳಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದರೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಡಾಕ್ಟರರು ಎಕ್ಸ್‌ರೇ ನೋಡಿ, ಗಾಬರಿಯಾಗುವಂಥದ್ದೇನೂ ಇಲ್ಲ, ವಯಸ್ಸು ಅಷ್ಟೆ ಎಂದರು. ದಿನಾ ಕುರ್ಚಿಯ ಮೇಲೆ ಕೂತು, ಪಾದದಡಿ ಒಂದು ಚೆಂಡಿಟ್ಟುಕೊಂಡು ಹಿಂದಕ್ಕೂ ಮುಂದಕ್ಕೂ ಉರುಳಿಸಿ ಎಂದೂ ಹೇಳಿದರು. ಅರವತ್ತು ದಾಟಿದ ಗಂಡಸು ಅಂಗಡಿಗೆ ಹೋಗಿ ತನಗಾಗಿ ಚೆಂಡು ಕೇಳುವುದು ಹೇಗೆ ಎಂದು ನಾನು ಸಂಕೋಚಪಡುತ್ತ ಕೂತಿದ್ದಾಗ, ನನ್ನ ಹೆಂಡತಿ ಶಾರದೆ ಅಟ್ಟದ ಪೆಟ್ಟಿಗೆಯಿಂದ ಒಂದು ಚೆಂಡು ಹುಡುಕಿ ತಂದು ಮುಂದಿಟ್ಟಳು.

"ತೊಗೊಳ್ಳಿ, ನಿಮ್ಮ ದೋಹಾದ ಆಸ್ತಿ" ಎಂದಳು.

ಒಂದು ಕಾಲಕ್ಕೆ ಬಿಳಿಯಾಗಿದ್ದ ಅದರ ಚರ್ಮ ಈಗ ಹಳೆಯ ಪಂಚೆಯ ಬಣ್ಣಕ್ಕೆ ಬಂದಿದೆ. ಕೆಂಪು ದಾರದ ಹೊಲಿಗೆ ಮಾತ್ರ ಹಾಗೇ ಇದೆ. ಕ್ರಿಕೆಟ್ ಚೆಂಡಲ್ಲ ಸ್ವಾಮಿ, ಬೇಸ್‌ಬಾಲಿನದು. ನಾನು ಜೀವಮಾನದಲ್ಲಿ ಒಂದೇ ಒಂದು ಬೇಸ್‌ಬಾಲ್ ಪಂದ್ಯವನ್ನೂ ನೋಡಿದವನಲ್ಲ. ಆದರೆ ಆ ಆಟದ ದೆಸೆಯಿಂದ ಒಂದು ಚಳಿಗಾಲ ಪೂರ್ತಿ, ಅದರ ಹಿಂದಿನಿಂದ ಬಂದ ಬೇಸಿಗೆಯೂ ಪೂರ್ತಿ, ಗಂಟಲು ಕಟ್ಟುವವರೆಗೆ ವಾದ ಮಾಡಿದ್ದೇನೆ ಎಂದರೆ ನೀವು ನಂಬಬೇಕು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಕ್ವಾಂಟಿಟಿ ಸರ್ವೇಯರ್. ಕಟ್ಟುವವರು ಒಬ್ಬರಾದರೆ, ಕಟ್ಟಿದ್ದಕ್ಕೆ ಸಿಮೆಂಟೆಷ್ಟು ಕಬ್ಬಿಣವೆಷ್ಟು ಎಂದು ತಲೆ ಕೆಡಿಸಿಕೊಳ್ಳುವವನು ಇನ್ನೊಬ್ಬ. ಆ ಇನ್ನೊಬ್ಬ ನಾನು. ನನ್ನ ಮೇಲಧಿಕಾರಿ ಡೇವ್ ಎಂಬ ಅಮೆರಿಕದವನು. ಅವನ ಕೋಣೆಯ ಏಸಿ ಎಂಥದ್ದೆಂದರೆ, ಹೊರಗೆ ಬಿಸಿಲು ಸುರಿಯುತ್ತಿರುವಾಗಲೂ ನಾನು ಅವನನ್ನು ನೋಡಲು ಹೋಗುವಾಗ ಅಮ್ಮ ಹೆಣೆದುಕೊಟ್ಟಿದ್ದ ಸ್ವೆಟರು ತೊಡುತ್ತಿದ್ದೆ. ಮೈಸೂರಿನಲ್ಲಿ ಡಿಸೆಂಬರಿಗೂ ಬೇಡವಾಗಿದ್ದ ಆ ಸ್ವೆಟರು ಮರಳುಗಾಡಿನಲ್ಲಿ ಸವೆಯಿತು.

ಡೇವನ ತಮ್ಮ ಅವನಿಗೆ ಊರಿನ ಪತ್ರಿಕೆಗಳನ್ನು ಕಟ್ಟು ಕಟ್ಟಿ ಅಂಚೆಯಲ್ಲಿ ಕಳಿಸುತ್ತಿದ್ದ. ಕಟ್ಟು ಬಂದ ದಿನ ನಮ್ಮ ಯಾವ ಬಿಲ್ಲಿಗೂ ಸಹಿ ಬೀಳುತ್ತಿರಲಿಲ್ಲ. ಹಾಗೆ ಒಂದು ಬೆಳಗ್ಗೆ ನಾನು ಒಳಗೆ ಹೋದರೆ ಅವನು ಹಣೆಗೆ ಕೈ ಹಚ್ಚಿಕೊಂಡು ಕೂತಿದ್ದ. "ಕೊಟ್ಟುಬಿಟ್ಟರು ಮೂರ್ತಿ, ಅವನನ್ನು ಕೊಟ್ಟೇಬಿಟ್ಟರು" ಎಂದ. ಮನೆಯಲ್ಲಿ ಏನೋ ಅನಾಹುತವಾಗಿದೆ ಎಂದುಕೊಂಡು ನಾನು ಮೆಲ್ಲಗೆ, "ಯಾರನ್ನ ಸರ್? ಯಾರಿಗೆ?" ಎಂದು ಕೇಳಿದೆ.

ವಿಷಯ ಇಷ್ಟು. ಅವನ ಊರಿನ ಬೇಸ್‌ಬಾಲ್ ತಂಡ ತನ್ನ ಅತ್ಯುತ್ತಮ ಆಟಗಾರನನ್ನು ಇನ್ನೊಂದು ಊರಿನ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಯಾರೂ ಹೆಸರು ಕೇಳದ ಮೂವರು ಹುಡುಗರನ್ನು ತಂದುಕೊಂಡಿತ್ತು. ಅಲ್ಲಿ ಚಳಿಗಾಲದಲ್ಲಿ ಆಟವಿಲ್ಲ. ಆಟವಿಲ್ಲದ ಆ ತಿಂಗಳುಗಳಲ್ಲಿ ತಂಡಗಳು ಹೀಗೆ ಕೊಡುವುದು ತೆಗೆದುಕೊಳ್ಳುವುದು ಮಾಡುತ್ತವೆ, ಊರಿಗೆ ಊರೇ ಕೂತು ಸರಿಯೋ ತಪ್ಪೋ ಎಂದು ಜಗಳವಾಡುತ್ತದೆ. ಇದಕ್ಕೆ ಟ್ರೇಡ್ ಎಂದು ಹೆಸರು. ಹಾಗೆ ಬರುವ ಹುಡುಗರಿಗೆ ಪ್ರಾಸ್ಪೆಕ್ಟ್ ಎನ್ನುತ್ತಾರಂತೆ. ಅಂದರೆ ಇನ್ನೂ ಏನನ್ನೂ ಮಾಡದವನು, ಆದರೆ ಮುಂದೆ ಮಾಡಿಯೇ ತೀರುತ್ತಾನೆ ಎಂದು ಎಲ್ಲರೂ ನಂಬಿರುವವನು. ನಮ್ಮ ಕಡೆ ಅಂಥವನನ್ನು ಹುಡುಕಿ ಅಳಿಯನನ್ನಾಗಿ ಮಾಡಿಕೊಳ್ಳುತ್ತಾರೆ.

"ಅಂದರೆ ಹಾಲು ಕರೆಯುವ ಹಸು ಕೊಟ್ಟು ಮೂರು ಕಡಸು ತಂದ ಹಾಗೆ" ಎಂದೆ. ಡೇವ್ ನನ್ನನ್ನು ಬೆರಗಿನಿಂದ ನೋಡಿದ. ಅವನ ಅಜ್ಜನೂ ಹಸು ಸಾಕಿದ್ದವನಂತೆ. ಅಂದಿನಿಂದ ನಾನು ಅವನಿಗೆ ಬರೀ ಗುಮಾಸ್ತನಲ್ಲ, ಬೇಸ್‌ಬಾಲ್ ಪಂಡಿತ. ಆ ಚಳಿಗಾಲವೆಲ್ಲ ನಾವಿಬ್ಬರೂ ವಾದ ಮಾಡಿದೆವು. ಭಾನುವಾರ ಅವನು ತಂಡದ ಮಾಲೀಕರನ್ನು ಬಯ್ಯುತ್ತಿದ್ದ, ನಾನು ಸಮರ್ಥಿಸುತ್ತಿದ್ದೆ. ಮಂಗಳವಾರದ ಹೊತ್ತಿಗೆ ಅವನಿಗೆ ಆ ಮೂವರು ಹುಡುಗರ ಮೇಲೆ ಪ್ರೀತಿ ಹುಟ್ಟಿರುತ್ತಿತ್ತು, ನಾನು ಹಸುವಿನ ಪಕ್ಷಕ್ಕೆ ಹೋಗಿರುತ್ತಿದ್ದೆ. ಆಟದ ನಿಯಮ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು ಎನ್ನುವುದು ನಮ್ಮ ಉತ್ಸಾಹಕ್ಕೆ ಎಲ್ಲೂ ಅಡ್ಡಿ ಬರಲಿಲ್ಲ.

ಡೇವನ ಚಟ ನನಗೆ ಅಂಟಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ನನಗೂ ಒಂದು ತಂಡವಿತ್ತು. ದೋಹಾದಲ್ಲಿದ್ದ ಕನ್ನಡಿಗರು ಶುಕ್ರವಾರ ಶುಕ್ರವಾರ ಆಡುತ್ತಿದ್ದ ಕ್ರಿಕೆಟ್ಟಿನಲ್ಲಿ ನಾನೊಂದು ತಂಡದ ನಾಯಕ. ಚೆನ್ನಾಗಿ ಆಡುತ್ತಿದ್ದೆ ಎಂದಲ್ಲ, ಎಲ್ಲರಿಗೂ ಫೋನು ಮಾಡಿ ಎಬ್ಬಿಸುವ ತಾಳ್ಮೆ ಇದ್ದವನು ನಾನೊಬ್ಬನೇ. ನಮ್ಮದು ಮೈಸೂರು, ಬೆಂಗಳೂರು, ಹಾಸನದ ಕಡೆಯ ಆಫೀಸಿನವರ ತಂಡ. ನಮ್ಮ ಬದ್ಧವೈರಿ ಲ್ಯಾನ್ಸಿಯ ತಂಡ. ಉಡುಪಿ ಕಡೆಯ ಲ್ಯಾನ್ಸಿ ಒಂದು ಹಡಗಿನ ಏಜೆನ್ಸಿಯಲ್ಲಿದ್ದ. ಅವನ ತಂಡದವರೆಲ್ಲ ಕರಾವಳಿಯವರು. ಮೈದಾನದಲ್ಲಿ ತುಳುವಿನಲ್ಲಿ ಸಂಚು ಮಾಡುತ್ತಿದ್ದರು, ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ಆದರೆ ಕರಾವಳಿಯ ಅತ್ಯುತ್ತಮ ಬ್ಯಾಟುಗಾರ ನಮ್ಮ ತಂಡದಲ್ಲಿದ್ದರು. ಇಸ್ಮಾಯಿಲ್ ಭಾಯಿ. ಪುತ್ತೂರಿನವರು, ದೋಹಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ನಾನು ಕತಾರಿಗೆ ಬಂದ ಮೊದಲ ವಾರ ಬಾಗಿಲಿಗೊಂದು ಬೀಗ ಕೊಳ್ಳಲು ಅವರ ಅಂಗಡಿಗೆ ಹೋಗಿ ಅರೆಬರೆ ಹಿಂದಿಯಲ್ಲಿ ಒದ್ದಾಡುತ್ತಿದ್ದೆ. "ಕನ್ನಡದಲ್ಲೇ ಹೇಳಿ ಮಾರಾಯ್ರೆ, ಬೀಗಕ್ಕೆ ಎಂತ ಭಾಷೆ?" ಎಂದರು. ಆ ಶುಕ್ರವಾರ ಅವರ ಮನೆಯಲ್ಲಿ ಊಟ, ಮುಂದಿನ ಶುಕ್ರವಾರ ಕ್ರಿಕೆಟ್ಟು. ಅಂದಿನಿಂದ ಅವರು ನಮ್ಮವರು. ಪ್ರತಿ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಅವರ ಪಿಕಪ್ಪು ನಾವು ಟೀ ಕುಡಿಯುವ ಮಲಯಾಳಿ ಕೆಫೆಟೇರಿಯದ ಮುಂದೆ ಬಂದು ನಿಲ್ಲುತ್ತಿತ್ತು. ನಾವು ಹಿಂದೆ ಹತ್ತಿಕೊಂಡು ಅಬು ಹಮೂರಿನ ಆಚೆಯ ಬಯಲಿಗೆ ಹೋಗುತ್ತಿದ್ದೆವು. ಜುಮ್ಮಾ ನಮಾಜಿಗೆ ಮುಂಚೆ ಆಟ ಖಲಾಸ್. ಇಸ್ಮಾಯಿಲ್ ಭಾಯಿ ಮಸೀದಿಗೆ ಹೋಗಿ ಬರುವವರೆಗೆ ನಾವೆಲ್ಲ ಪಿಕಪ್ಪಿನ ನೆರಳಲ್ಲಿ ಕಾಯುತ್ತಿದ್ದೆವು. ಆಮೇಲೆ ಅವರ ಹೆಂಡತಿ ಝೊಹರಾ ಕಳಿಸಿದ ಬಿರಿಯಾನಿಯ ದೊಡ್ಡ ಡೇಗ್ಚಿಯ ಮುಚ್ಚಳ ತೆಗೆಯುವುದು. ಮಾಂಸ ತಿನ್ನದ ನನಗೆ ಮಾತ್ರ ಬೇರೆ ಪಾತ್ರೆಯಲ್ಲಿ ಮಾಡಿದ ನೀರುದೋಸೆ, ಕಾಯಿಚಟ್ನಿ, ಒಂದು ಸ್ಟೀಲಿನ ಡಬ್ಬಿಯಲ್ಲಿ ಬರುತ್ತಿತ್ತು.

ಆ ವರ್ಷ ಏಪ್ರಿಲ್ಲಿನಲ್ಲಿ ನಾವು ಎಂದಿನಂತೆ ಸೆಮಿಫೈನಲಿನಲ್ಲಿ ಮಣ್ಣು ಮುಕ್ಕಿದೆವು. ಮಣ್ಣೆಲ್ಲಿ ಬಂತು, ಮರಳು. ಇಸ್ಮಾಯಿಲ್ ಭಾಯಿ ಭರ್ಜರಿಯಾಗಿಯೇ ಹೊಡೆದರು. ಆದರೆ ನಲವತ್ತು ದಾಟಿದ್ದ ಅವರು ಓಡಬೇಕಾದ ಕಡೆ ನಡೆಯುತ್ತಿದ್ದರು, ಬೌಲ್ ಮಾಡಲು ನಮ್ಮಲ್ಲಿ ಜನವೇ ಇರಲಿಲ್ಲ. ಆಮೇಲೆ ಬಿಸಿಲು ಏರಿತು, ಬ್ಯಾಟುಗಳು ಮಂಚದಡಿ ಸೇರಿದವು. ಶಾಲೆಗೆ ರಜೆ ಬಂದು ಹೆಂಡತಿ ಮಕ್ಕಳು ಊರಿಗೆ ಹಾರಿದರು. ಇಸ್ಮಾಯಿಲ್ ಭಾಯಿಯೂ ಅಂಗಡಿಯನ್ನು ತಮ್ಮನಿಗೆ ವಹಿಸಿ ಸಂಸಾರ ಸಮೇತ ಪುತ್ತೂರಿಗೆ ಹೋದರು. ಉಳಿದ ನಾವು ಬೇಸಿಗೆಯ ಬ್ರಹ್ಮಚಾರಿಗಳು ಸಂಜೆ ಕೆಫೆಟೇರಿಯದಲ್ಲಿ ಕೂತು ಹಾಲಿಲ್ಲದ ಸುಲೈಮಾನಿ ಟೀ ಹೀರುತ್ತ ಏನು ಮಾಡಬೇಕು ಹೇಳಿ.

"ಇಸ್ಮಾಯಿಲ್ ಭಾಯಿನ ಲ್ಯಾನ್ಸಿಗೆ ಕೊಟ್ಟುಬಿಡೋಣ" ಎಂದೆ ಒಂದು ಸಂಜೆ.

ನಮ್ಮ ವಿಕೆಟ್‌ಕೀಪರ್ ಕೇಶವ ಬೆಂಗಳೂರಿನವನು. ಟೀ ಅವನ ನೆತ್ತಿಗೆ ಹತ್ತಿತು. "ಏನ್ ಗುರು, ಬಿಸಿಲು ಜಾಸ್ತಿ ಆಯ್ತಾ?"

ನಾನು ಡೇವನಿಂದ ಕಲಿತ ವಿದ್ಯೆಯನ್ನೆಲ್ಲ ಬಿಚ್ಚಿದೆ. ಲ್ಯಾನ್ಸಿಯ ತಂಡದಲ್ಲಿ ಆ ವರ್ಷವಷ್ಟೇ ಬಂದಿದ್ದ ಇಬ್ಬರು ಎಳೆಯರಿದ್ದರು, ಪ್ರಶಾಂತ ಮತ್ತು ನಜೀರ್. ಪ್ರಶಾಂತ ಗಾಳಿಯಂತೆ ಬೌಲ್ ಮಾಡುತ್ತಿದ್ದ, ಎಲ್ಲಿಗೆ ಎಂಬುದು ಅವನಿಗೂ ಗೊತ್ತಿರುತ್ತಿರಲಿಲ್ಲ. ನಜೀರ್ ಜಿಂಕೆಯ ಹಾಗೆ ಓಡುತ್ತಿದ್ದ. ಲ್ಯಾನ್ಸಿ ಇಬ್ಬರನ್ನೂ ಹೆಚ್ಚಾಗಿ ಹೊರಗೇ ಕೂರಿಸುತ್ತಿದ್ದ. ಬೆಳೆಯುವ ಪೈರು ಮೊಳಕೆಯಲ್ಲೇ ಗೊತ್ತಾಗುತ್ತೆ ಎಂದು ನಾನು, ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂದು ಕೇಶವ.

ಮರುದಿನದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಆಹಾ, ಆ ಬೇಸಿಗೆಯ ಸಡಗರವನ್ನು ಏನೆಂದು ಹೇಳಲಿ. ಕ್ಷೌರದಂಗಡಿಯಲ್ಲಿ ನನ್ನ ಅರ್ಧ ಗಡ್ಡ ಬೋಳಿಸಿದ್ದಾಗ ಪಕ್ಕದ ಕುರ್ಚಿಯವರು ನೊರೆ ಮೆತ್ತಿದ ಮುಖ ತಿರುಗಿಸಿ, "ಮೂರ್ತಿಯವ್ರೇ, ಇಬ್ಬರು ಸಾಲದು, ಮೂವರನ್ನ ಕೇಳಿ" ಎಂದರು. ತರಕಾರಿ ಮಾರುಕಟ್ಟೆಯಲ್ಲಿ ಬೆಂಡೆಕಾಯಿ ಮುರಿದು ನೋಡುತ್ತಿದ್ದ ಒಬ್ಬರು ಕ್ರಿಕೆಟ್ ಬ್ಯಾಟನ್ನೇ ಮುಟ್ಟಿದವರಲ್ಲ, ಅವರೂ ನನ್ನನ್ನು ತಡೆದು ನಜೀರನ ಮಂಡಿಯ ಬಗ್ಗೆ ಎಚ್ಚರಿಸಿದರು. ನನ್ನ ಮನೆಯ ಫೋನು ಸಂಜೆಯಾದರೆ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಮೈಸೂರಿನಿಂದ ಶಾರದೆ ಕಷ್ಟಪಟ್ಟು ಲೈನು ಸಿಕ್ಕಿಸಿಕೊಂಡು, "ಊಟ ಆಯ್ತಾ?" ಎಂದು ಕೇಳಿದರೆ, "ಲ್ಯಾನ್ಸಿ ಒಪ್ಪೋ ಹಾಗಿದಾನೆ ಕಣೇ" ಎಂದೆ. ಅವಳು, "ಮಜ್ಜಿಗೆ ಜಾಸ್ತಿ ಕುಡೀರಿ" ಎಂದು ಫೋನಿಟ್ಟಳು.

ಲ್ಯಾನ್ಸಿ ಸುಲಭದ ಆಸಾಮಿಯಲ್ಲ. "ನಮ್ಮ ಊರಿನವ ಅಷ್ಟು ವರ್ಷ ನಿಮ್ಮಲ್ಲಿ ಇದ್ದದ್ದೇ ತಪ್ಪು. ಅವನನ್ನು ಕೊಡ್ಲಿಕ್ಕೆ ನೀವು ಇಬ್ಬರನ್ನು ಕೇಳುದಾ? ಪ್ರಶಾಂತ ನನ್ನ ಫ್ಯೂಚರ್ ಮಾರಾಯ್ರೆ" ಎಂದ. ನಿನ್ನೆಯವರೆಗೆ ನೀರು ಹೊರುತ್ತಿದ್ದ ಪ್ರಶಾಂತ ಒಂದೇ ರಾತ್ರಿಯಲ್ಲಿ ಫ್ಯೂಚರ್ ಆದದ್ದನ್ನು ಕಂಡು ನನಗೆ ಅವನು ಬೇಕೇ ಬೇಕು ಎನಿಸಿತು. ಲ್ಯಾನ್ಸಿ ಎದ್ದು ಹೊರಟ ಹಾಗೆ ಮಾಡಿದ, ನಾನು ಕರೆಯದ ಹಾಗೆ ಮಾಡಿದೆ, ಅವನೇ ವಾಪಸು ಬಂದು ಇನ್ನೊಂದು ಟೀ ಹೇಳಿದ. ಕೊನೆಗೆ ಕೈ ಚಾಚಿ, "ಯಲ್ಲಾ, ಖಲಾಸ್. ಇಸ್ಮಾಯಿಲ್ ನಮಗೆ, ಇಬ್ಬರೂ ನಿಮಗೆ" ಎಂದ. ಕೆಫೆಟೇರಿಯದಲ್ಲಿದ್ದವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು. ಯಾವುದೋ ರಾಜ್ಯವನ್ನೇ ಗೆದ್ದೆ ಎನ್ನುವ ಹಾಗೆ ನಾನು ಮನೆಗೆ ನಡೆದೆ.

ಆ ಹೆಮ್ಮೆ ಮೂರನೆಯ ಮಹಡಿ ಹತ್ತುವುದರೊಳಗೆ ಇಳಿಯಿತು. ಬಾಗಿಲ ಮುಂದೆ ನಿಂತು ಕೀಲಿ ತೆಗೆದರೆ, ಅದು ಇಸ್ಮಾಯಿಲ್ ಭಾಯಿ ಕೊಟ್ಟ ಬೀಗ. ಇಷ್ಟೆಲ್ಲ ಗಲಾಟೆಯಲ್ಲಿ ಯಾರೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ಡೇವನ ಊರಿನಲ್ಲಿ ಆಟಗಾರನನ್ನು ಕೊಟ್ಟರೆ ತಂಡ ಕಳೆದುಕೊಳ್ಳುವುದು ಒಬ್ಬ ಆಟಗಾರನನ್ನು. ಇವರು ಬೇಸರಪಟ್ಟುಕೊಂಡರೆ ನಾನು ಕಳೆದುಕೊಳ್ಳುವುದು ಪರದೇಶದಲ್ಲಿ ನನಗಿದ್ದ ಒಬ್ಬ ಅಣ್ಣನನ್ನು. ಪಂದ್ಯಾವಳಿಯ ಕಪ್ಪು ಗೆದ್ದರೂ ಇಸ್ಮಾಯಿಲ್ ಭಾಯಿ ಮಾತು ಬಿಟ್ಟರೆ ಶುಕ್ರವಾರಗಳನ್ನು ಇಟ್ಟುಕೊಂಡು ಏನು ಮಾಡಲಿ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಸೆಪ್ಟೆಂಬರಿನಲ್ಲಿ ಅವರು ಎಲ್ಲರಿಗೂ ಹಲಸಿನ ಹಪ್ಪಳ ಹೊತ್ತುಕೊಂಡು ಬಂದರು. ಅವರಿಗೆ ಹೇಳುವ ಕೆಲಸ ನಾಯಕನದೇ ಎಂದು ಕೇಶವ ನನ್ನನ್ನು ಮುಂದೆ ತಳ್ಳಿದ. ಅಂಗಡಿಗೆ ಹೋದೆ. ಅವರು ಮೊಳೆ ತೂಗುತ್ತಿದ್ದರು. ಅಮೆರಿಕ, ಚಳಿಗಾಲ, ಹಸು, ಕಡಸು ಎಂದು ಸುತ್ತಿ ಬಳಸಿ ನಾನು ವಿಷಯಕ್ಕೆ ಬರುವುದರೊಳಗೆ ಗಿರಾಕಿ ಮೊಳೆ ತೆಗೆದುಕೊಂಡು ಹೋಗಿಯಾಗಿತ್ತು.

"ಅಂದರೆ ನನ್ನನ್ನು ಕೊಟ್ಟದ್ದು" ಎಂದರು.

"ಹೂಂ."

"ಎಷ್ಟು ಜನಕ್ಕೆ?"

"ಇಬ್ಬರು."

ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸಿದರು. "ಇಬ್ಬರಾ? ಅಡ್ಡಿಯಿಲ್ಲ ಮಾರಾಯ್ರೆ. ಒಬ್ಬನಿಗೆ ಕೊಟ್ಟಿದ್ರೆ ಬೇಜಾರಾಗ್ತಿತ್ತು."

ಅವರು ನಕ್ಕದ್ದೇನೋ ನಿಜ. ಆದರೆ ಆ ನಗು ಗಿರಾಕಿಗೆ ತೋರಿಸುವ ನಗುವೋ ನಮಗೆ ತೋರಿಸುವ ನಗುವೋ ಎಂದು ನನಗೆ ಗೊತ್ತಾಗಲಿಲ್ಲ. ಹಪ್ಪಳದ ಪೊಟ್ಟಣ ಹಿಡಿದುಕೊಂಡು ಸಮಾಧಾನವಿಲ್ಲದೆ ಹೊರಬಂದೆ.

ಅಕ್ಟೋಬರಿನ ಮೊದಲ ಪಂದ್ಯ ನಮಗೂ ಲ್ಯಾನ್ಸಿಗೂ. ದೋಹಾದ ಕನ್ನಡಿಗರೆಲ್ಲ ನೋಡಲು ಬರುತ್ತಾರೆಂದು ಸುದ್ದಿ. ಡೇವನನ್ನೂ ಕರೆದಿದ್ದೆ. ಬೆಳಕು ಹರಿಯುವ ಹೊತ್ತಿಗೆ ನಾವು ಹನ್ನೊಂದು ಜನ, ಹೊಸ ಇಬ್ಬರೂ ಸೇರಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು ಕೆಫೆಟೇರಿಯದ ಮುಂದೆ ನಿಂತೆವು. ಟೀ ಕುಡಿದೆವು. ಇನ್ನೊಮ್ಮೆ ಕುಡಿದೆವು. ಆಮೇಲೆ ಕೇಶವ ಮೆಲ್ಲಗೆ, "ಗುರು, ನಾವು ಯಾರಿಗೆ ಕಾಯ್ತಿದೀವಿ?" ಎಂದ.

ಬೇಸಿಗೆ ಪೂರ್ತಿ ನಜೀರನ ಮಂಡಿಯವರೆಗೆ ಚರ್ಚೆ ಮಾಡಿದ್ದ ನಮಗೆ ಒಬ್ಬನಿಗಾದರೂ ಇದು ಹೊಳೆದಿರಲಿಲ್ಲ. ಪಿಕಪ್ಪು ಇಸ್ಮಾಯಿಲ್ ಭಾಯಿಯದು. ಪಿಚ್ಚಿಗೆ ಹಾಸುವ ನಾರಿನ ಮ್ಯಾಟು ಇರುವುದು ಅವರ ಗೋದಾಮಿನಲ್ಲಿ. ಸ್ಟಂಪು ಅಲ್ಲೇ, ನೀರಿನ ಕ್ಯಾನು ಅಲ್ಲೇ, ಡೇಗ್ಚಿಯಂತೂ ಅವರ ಮನೆಯದೇ. ಒಬ್ಬ ಬ್ಯಾಟುಗಾರನನ್ನು ಕೊಟ್ಟೆವೆಂದುಕೊಂಡು ನಾವು ಕ್ರಿಕೆಟ್ಟನ್ನೇ ಕೊಟ್ಟುಬಿಟ್ಟಿದ್ದೆವು.

ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಅದೇ ಪಿಕಪ್ಪು ಕಾಣಿಸಿತು. ಹಿಂದೆ ಲ್ಯಾನ್ಸಿಯ ತಂಡ ರಾಜರ ಹಾಗೆ ಮ್ಯಾಟಿನ ಸುರುಳಿಯ ಮೇಲೆ ಕೂತಿತ್ತು. ನಾವು ಅಂಗಡಿಯ ಬೋರ್ಡು ಓದುವವರಂತೆ ತಿರುಗಿ ನಿಂತೆವು. ಪಿಕಪ್ಪು ನಿಂತಿತು. ಇಸ್ಮಾಯಿಲ್ ಭಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಂತ ನೋಡುದು? ಹತ್ತಿ ಬೇಗ, ಬಿಸಿಲು ಬರ್ತದೆ" ಎಂದರು. ಎರಡು ತಂಡಗಳೂ ಒಬ್ಬರ ತೊಡೆಯ ಮೇಲೊಬ್ಬರು ಕೂತು ಅಬು ಹಮೂರಿನ ಬಯಲಿಗೆ ಹೋದೆವು. ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಸೋಲಿಸುವ ಮಾತೇ.

ಪಂದ್ಯ ಎಂದರೆ ಪಂದ್ಯ. ನಜೀರ್ ಓಡಿ ಓಡಿಯೇ ರನ್ನು ಕೂಡಿಸಿದ. ಪ್ರಶಾಂತನ ಚೆಂಡು ಒಮ್ಮೆ ಸ್ಟಂಪಿಗೆ ಬಡಿಯಿತು, ಒಮ್ಮೆ ಅಂಪೈರಿಗೆ ಬಡಿಯಿತು. ಅತ್ತಲಿಂದ ಇಸ್ಮಾಯಿಲ್ ಭಾಯಿ ಒಬ್ಬರೇ ನಿಂತು ನಮ್ಮನ್ನು ಬಯಲ ತುಂಬ ಓಡಾಡಿಸಿದರು. ಕೊನೆಯ ಓವರಿಗೆ ಬಂದಾಗ ಅವರಿಗೆ ಬೇಕಾದದ್ದು ಐದು ರನ್ನು, ಉಳಿದದ್ದು ಕೊನೆಯ ಜೋಡಿ. ಪ್ರಶಾಂತ ಚೆಂಡು ಹಿಡಿದು ನನ್ನ ಹತ್ತಿರ ಬಂದ. "ಎಲ್ಲಿ ಹಾಕ್ಲಿ ಸರ್?"

ವರ್ಷಗಟ್ಟಲೆ ಇನ್ನೊಂದು ತುದಿಯಲ್ಲಿ ನಿಂತು ನೋಡಿದವನು ನಾನು. ಇಸ್ಮಾಯಿಲ್ ಭಾಯಿಗೆ ನಿಧಾನವಾಗಿ ತೇಲಿ ಬರುವ ಚೆಂಡು ಕಂಡರೆ ತಡೆಯಲಾಗದು. ಆಕಾಶಕ್ಕೇ ಕಳಿಸುತ್ತಾರೆ. "ಮೆತ್ತಗೆ ಎತ್ತಿ ಹಾಕು" ಎಂದು ಹೇಳಿ, ನಾನು ದೂರ ಹೋಗಿ ನಿಂತೆ. ಚೆಂಡು ಬಾರದ ಜಾಗ ಹುಡುಕಿ ನಿಲ್ಲುವುದು ನನ್ನ ನಾಯಕತ್ವದ ಗುಟ್ಟು.

ಪ್ರಶಾಂತ ನಾನು ಹೇಳಿದ ಹಾಗೇ ಹಾಕಿದ, ಜೀವಮಾನದಲ್ಲಿ ಮೊದಲ ಸಲ. ಇಸ್ಮಾಯಿಲ್ ಭಾಯಿ ಎತ್ತಿ ಬಾರಿಸಿದರು. ಚೆಂಡು ಮೇಲಕ್ಕೆ ಹೋಯಿತು, ಹೋಗುತ್ತಲೇ ಇತ್ತು. ನಾನು ಎಂದಿನ ಅಭ್ಯಾಸದಂತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಆಹಾ ಎಂಥ ಹೊಡೆತ ಎಂದು ಮೈಮರೆತು ನೋಡುತ್ತ ನಿಂತೆ. ಅದು ನನ್ನ ಕಡೆಗೇ ಬರುತ್ತಿದೆ ಎನ್ನುವುದು ತಲೆಗೆ ಹೋಗಲೇ ಇಲ್ಲ. ಆಗ ಬಯಲೆಲ್ಲ ಕೇಳುವ ಹಾಗೆ ಒಂದು ಕೂಗು ಬಂತು.

"ಮೂರ್ತೀ, ನಿಮ್ಮದೇ, ಹಿಡೀರಿ!"

ಬೆಚ್ಚಿಬಿದ್ದು ಕೈ ಚಾಚಿದೆ. ಚೆಂಡು ಕೈಗೂ ಹೊಟ್ಟೆಗೂ ನಡುವೆ ಎಲ್ಲೋ ಸಿಕ್ಕಿಕೊಂಡಿತು. ಹಿಂದಕ್ಕೆ ಬಿದ್ದೆ, ಬಿಡಲಿಲ್ಲ. ನಾವು ಗೆದ್ದಿದ್ದೆವು. ನಮ್ಮವರು ಬಂದು ನನ್ನ ಮೇಲೆ ಬಿದ್ದರು. ಅವರ ಕಾಲುಗಳ ಸಂದಿಯಿಂದ ನೋಡಿದರೆ ಎಲ್ಲರಿಗಿಂತ ಮೇಲೆ ಕೈಯೆತ್ತಿ ಕುಣಿಯುತ್ತಿದ್ದವರು ಇಸ್ಮಾಯಿಲ್ ಭಾಯಿ. ಕೂಗಿದ್ದೂ ಅವರೇ. ತಾನು ಔಟಾದೆ, ತನ್ನ ತಂಡ ಸೋತಿತು ಎನ್ನುವುದು ಅವರಿಗೆ ಅರಿವಾದದ್ದು ಅರ್ಧ ಕುಣಿತದಲ್ಲಿ. ಎತ್ತಿದ ಕೈಯನ್ನು ತಲೆಯ ಮೇಲಿಟ್ಟುಕೊಂಡರು.

ಲ್ಯಾನ್ಸಿ ಹೋಗಿ ಅವರ ಮುಂದೆ ನಿಂತ. "ನೀನು ಯಾವ ಟೀಮು ಮಾರಾಯ?"

"ಬಾಯಿಗೆ ಬಂದದ್ದು ಲ್ಯಾನ್ಸಿ. ಅಭ್ಯಾಸ."

"ಇದು ಚೀಟಿಂಗ್. ನನಗೆ ಪ್ರಶಾಂತ ವಾಪಸ್ ಬೇಕು."

ಅಲ್ಲೇ, ಬೆವರು ಒರೆಸಿಕೊಳ್ಳುವ ಮೊದಲೇ, ಮುಂದಿನ ಬೇಸಿಗೆಯ ವಾದ ಶುರುವಾಯಿತು. ಇಸ್ಮಾಯಿಲ್ ಭಾಯಿ ಮಸೀದಿಗೆ ಹೋಗಿ ಬರುವವರೆಗೂ ಅದು ನಿಲ್ಲಲಿಲ್ಲ. ಡೇಗ್ಚಿ ಕೆಳಗಿಳಿಸಿದಾಗ ಲ್ಯಾನ್ಸಿ ಅಡ್ಡ ನಿಂತು, "ಬಿರಿಯಾನಿಯಾದರೂ ನಮ್ಮದು" ಎಂದು ಹಕ್ಕು ಸ್ಥಾಪಿಸಿ, ಆಮೇಲೆ ತಾನೇ ನಮ್ಮವರಿಗೆಲ್ಲ ಬಡಿಸಿದ. ನಾನು ಒಂದು ಬಾಳೆಹಣ್ಣು ಸುಲಿದುಕೊಂಡು ದೂರ ಕೂತೆ. ಕೊಟ್ಟುಬಿಟ್ಟ ಮನೆಯ ಊಟಕ್ಕೆ ಕೈಚಾಚುವ ಮುಖ ನನಗಿರಲಿಲ್ಲ. ಇಸ್ಮಾಯಿಲ್ ಭಾಯಿ ಡ್ರೈವರ್ ಸೀಟಿನ ಹಿಂದಿನಿಂದ ಏನೋ ತೆಗೆದು ತಂದು ನನ್ನ ಪಕ್ಕದಲ್ಲಿಟ್ಟರು. ಸ್ಟೀಲಿನ ಡಬ್ಬಿ.

"ನಿಮ್ಮ ಟ್ರೇಡಿನ ಸಂಗತಿ ಮನೆಯವಳಿಗೆ ಹೇಳ್ಲಿಕ್ಕೆ ಹೋಗ್ಲಿಲ್ಲ" ಎಂದರು. "ಹೇಳಿದ್ರೂ ಅವಳು ನಿಮಗೆ ಬೇರೆ ಪಾತ್ರೆಯಲ್ಲಿ ಮಾಡುದು ಬಿಡ್ತಾಳಾ? ತಿನ್ನಿ, ಚಟ್ನಿ ಹುಳಿಯಾಗ್ತದೆ."

ನೀರುದೋಸೆ ಬಾಯಿಗಿಟ್ಟುಕೊಂಡೆ. ಬೇಸಿಗೆಯಿಂದ ಹೊತ್ತಿದ್ದ ಭಾರ ಅಲ್ಲಿ ಇಳಿಯಿತು. ನಮ್ಮ ಆಟದ ತಲೆಬುಡ ಅರಿಯದೆ ಬೆಳಗ್ಗಿನಿಂದ ಕೂತಿದ್ದ ಡೇವ್, ಕೆನ್ನೆಯೆಲ್ಲ ಬಿಸಿಲಿಗೆ ಕೆಂಪಾಗಿ, ಬಿರಿಯಾನಿ ತಿನ್ನುತ್ತ ಹೇಳಿದ: "ನಮ್ಮಲ್ಲಿ ಕೊಟ್ಟ ಆಟಗಾರ ಹೋಗಿಬಿಡುತ್ತಾನೆ ಮೂರ್ತಿ. ಇವರು ಹೋಗಲೇ ಇಲ್ಲವಲ್ಲ." ಆ ವರ್ಷದ ಕೊನೆಯಲ್ಲಿ ಅವನು ತನ್ನ ದೇಶಕ್ಕೆ ಮರಳುವಾಗ ಮೇಜಿನ ಮೇಲಿದ್ದ ಈ ಚೆಂಡನ್ನು ನನ್ನ ಕೈಲಿಟ್ಟು ಹೋದ.

"ಚೆಂಡು ಉರುಳಿಸೋದು ಬಿಟ್ಟು ಒಬ್ಬರೇ ಏನು ನಗ್ತಿದೀರಿ?" ಎಂದು ಶಾರದೆ ಅಡುಗೆಮನೆಯಿಂದ ಕೇಳುತ್ತಿದ್ದಾಳೆ. ಏನೆಂದು ಹೇಳಲಿ. ದಶಕದ ಕೊನೆಗೆ ನಾವು ಕಟ್ಟುತ್ತಿದ್ದ ಕಟ್ಟಡ ಮುಗಿಯಿತು. ಹೊಸ ಮೇಲಧಿಕಾರಿ ನನ್ನನ್ನು ಕರೆದು ಬಹಳ ಮರ್ಯಾದೆಯಿಂದ ಮಾತಾಡಿದ. ನನ್ನ ಕೋಣೆಗೆ ಹಿಂತಿರುಗಿದರೆ, ಕಾಲೇಜಿನಿಂದ ಆಗಷ್ಟೇ ಹೊರಬಂದ ಇಬ್ಬರು ಹುಡುಗರು ಕಂಪ್ಯೂಟರಿನ ಮುಂದೆ ಕೂತಿದ್ದರು. ನನ್ನನ್ನು ನೋಡಿ ಇಬ್ಬರೂ ಎದ್ದು ನಿಂತರು. ಒಳ್ಳೆಯ ಹುಡುಗರು. ನಾನು ಅಲ್ಲಿಂದ ನೇರ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ನನ್ನನ್ನ ಊರಿಗೆ ಕಳಿಸ್ತಿದಾರೆ ಇಸ್ಮಾಯಿಲ್ ಭಾಯಿ" ಎಂದೆ. "ನನ್ನ ಜಾಗಕ್ಕೆ ಹುಡುಗರನ್ನ ತಂದಿದಾರೆ."

ಅವರು ತಕ್ಕಡಿ ಕೆಳಗಿಟ್ಟರು. ನನ್ನ ಮುಖ ನೋಡಿದರು. ಅವರ ಕಣ್ಣು ತುಂಬಿತ್ತು. ಆಮೇಲೆ ಕೇಳಿದರು.

"ಎಷ್ಟು ಜನ?"

"ಇಬ್ಬರು" ಎಂದೆ. ಅವರದೇ ಮಾತು ನನ್ನ ಬಾಯಿಗೆ ಬಂತು. "ಅಡ್ಡಿಯಿಲ್ಲ ಮಾರಾಯ್ರೆ. ಒಬ್ಬನಿಗೆ ಕೊಟ್ಟಿದ್ರೆ ಬೇಜಾರಾಗ್ತಿತ್ತು."